ಬೆಂಚಿನ ಕೊನೆಯ ಜಾಗ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಮಾರ್ಚ್ ಕೊನೆಯ ವಾರ

ಪ್ರೀತಿಯ ಮಂಜ,

"ಆಟ ಇನ್ನೂ ಶುರುವೇ ಆಗಿಲ್ಲ, ಈಗಲೇ ಯಾಕೋ ನಿದ್ದೆ ಕೆಡಿಸಿಕೊಂಡಿದ್ದೀಯ?" ಅಂತ ಭಾನುವಾರ ನೀನು ಕೇಳಿದೆ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ನಿನಗಂತೂ ಇದು ಅರ್ಥವಾಗಲೇಬೇಕು ಕಣೋ. ಹೋದ ಆಗಸ್ಟ್‌ನಲ್ಲಿ ಸ್ಕೂಲಿನ ಖೋ ಖೋ ಟೀಮಿಗೆ ಹನ್ನೊಂದು ಹೆಸರು ಬರೆದು, ಹನ್ನೆರಡನೆಯದು ಬರೆಯಲಾಗದೆ ಮಧ್ಯರಾತ್ರಿ ನನಗೆ ಫೋನ್ ಮಾಡಿದ್ದವನು ನೀನೇ ಅಲ್ವಾ? ಇಬ್ಬರು ಹುಡುಗರು, ಒಂದೇ ಜಾಗ. ಈ ವಾರ ಇಲ್ಲಿ ಮೇಜರ್ ಲೀಗ್ ಬೇಸ್‌ಬಾಲಿನ 30 ತಂಡಗಳಲ್ಲೂ ಅದೇ ನಡೆಯುತ್ತಿದೆ.

ಒಂದು ತಂಡಕ್ಕೆ 26 ಜನ. ಅದರಲ್ಲಿ ಚೆಂಡು ಎಸೆಯುವ ಪಿಚರ್‌ಗಳು 13 ಜನರಿಗಿಂತ ಜಾಸ್ತಿ ಇರುವ ಹಾಗಿಲ್ಲ. ಎಲ್ಲ ತಂಡಗಳೂ ಸಾಮಾನ್ಯವಾಗಿ ಆ 13ನ್ನೂ ತುಂಬಿಸಿಕೊಳ್ಳುತ್ತವೆ. ಉಳಿದ 13ರಲ್ಲಿ ಒಂಬತ್ತು ಜನ ಬ್ಯಾಟಿಂಗಿಗೆ ಇಳಿಯುತ್ತಾರೆ. ಬೆಂಚಿಗೆ ಉಳಿಯುವುದು ನಾಲ್ಕೇ ಜಾಗ. ಒಂದು ಎರಡನೇ ಕ್ಯಾಚರ್‌ಗೆ, ಅಂದರೆ ನಮ್ಮ ವಿಕೆಟ್ ಕೀಪರ್ ಥರ ಬ್ಯಾಟ್ ಮಾಡುವವನ ಹಿಂದೆ ಕೂರುವವನಿಗೆ, ಅದನ್ನು ಮುಟ್ಟುವ ಹಾಗಿಲ್ಲ. ಇನ್ನೊಂದು ಔಟ್‌ಫೀಲ್ಡ್‌ನಲ್ಲಿ ಎಲ್ಲಿ ನಿಲ್ಲಿಸಿದರೂ ಓಡಿ ಹಿಡಿಯುವವನಿಗೆ. ಮತ್ತೊಂದು ಒಳಗಿನ ಬೇಸ್‌ಗಳಲ್ಲಿ ಎಲ್ಲಿ ಬೇಕಾದರೂ ಆಡಬಲ್ಲವನಿಗೆ. ಕೊನೆಯ ಒಂದು ಜಾಗಕ್ಕಾಗಿ ಆರು ವಾರ ಜಗ್ಗಾಟ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಒಂದು ವಿಷಯ ಬೇಗ ತಲೆಗೆ ಹೋಗುವುದಿಲ್ಲ. ಇಲ್ಲಿ ಬದಲಿ ಆಟಗಾರ ಸುಮ್ನೆ ನೀರು ಕೊಡಲು ಬರುವವನಲ್ಲ. ಅವನು ಬ್ಯಾಟ್ ಮಾಡಬಹುದು, ಫೀಲ್ಡಿಂಗ್ ಮಾಡಬಹುದು, ಎಲ್ಲ ಮಾಡಬಹುದು. ಆದರೆ ಅವನಿಗಾಗಿ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವ ಹಾಗಿಲ್ಲ. ಹಾಗಾಗಿ ಒಂಬತ್ತು ಇನಿಂಗ್ಸ್‌ನ ಆಟದಲ್ಲಿ, ಏಳನೆಯದರಲ್ಲಿ ಮ್ಯಾನೇಜರ್ ಒಬ್ಬನನ್ನು ಬೆಂಚಿನಿಂದ ಎಬ್ಬಿಸಿದರೆ, ಇಬ್ಬರನ್ನು ಖರ್ಚು ಮಾಡಿದ ಹಾಗೆ. ನಾಲ್ಕು ಜನರಲ್ಲಿ ಯಾರನ್ನು ಯಾವಾಗ ಎಬ್ಬಿಸಬೇಕು ಅನ್ನುವುದರ ಮೇಲೆ ಎಷ್ಟೋ ಪಂದ್ಯ ನಿಂತಿರುತ್ತವೆ. ಸೀಸನ್‌ನಲ್ಲಿ ಒಂದಲ್ಲ ಎರಡಲ್ಲ, 162 ಪಂದ್ಯ.

ನನಗೆ ಈ ಹುಚ್ಚು ಹಿಡಿದದ್ದು 2019ರಲ್ಲಿ. ಆ ಮಾರ್ಚ್‌ನಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ಗೆ ಹೋಗಿದ್ದೆವು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಸೀಸನ್‌ಗೆ ಮೊದಲು ಅಭ್ಯಾಸ ಮಾಡುವುದು ಅಲ್ಲಿ. ಔಟ್‌ಫೀಲ್ಡ್ ಹಿಂದೆ ಹುಲ್ಲಿನ ಇಳಿಜಾರು ಇದೆ. ಟಿಕೆಟ್ ತೆಗೆದುಕೊಂಡು ಜಮಖಾನ ಹಾಸಿ ಕೂರಬಹುದು. ಅಭ್ಯಾಸ ಪಂದ್ಯದಲ್ಲಿ ಐದಾರು ಇನಿಂಗ್ಸ್ ಆದ ಮೇಲೆ ದೊಡ್ಡ ಆಟಗಾರರೆಲ್ಲ ಹೊರಟುಹೋಗುತ್ತಾರೆ. ಆಮೇಲೆ ಬರುವವರ ಬೆನ್ನಿನ ಮೇಲೆ ಎಪ್ಪತ್ತು, ಎಂಬತ್ತರ ನಂಬರುಗಳು. ಕೆಲವರ ಅಂಗಿಯ ಮೇಲೆ ಹೆಸರೂ ಇರಲಿಲ್ಲ. ಜನ ಅರ್ಧ ಎದ್ದು ಹೋಗಿದ್ದರು. ಮಗಳು ಹುಲ್ಲಿನ ಮೇಲೆ ಉರುಳಾಡುತ್ತಿದ್ದಳು, ಅವಳಿಗಾಗಿ ನಾವು ಉಳಿದೆವು.

ಲೆಫ್ಟ್ ಫೀಲ್ಡ್‌ನಲ್ಲಿ ನಮಗೆ ಹತ್ತಿರ ನಿಂತಿದ್ದ ಒಬ್ಬ ಎಂಟನೇ ಇನಿಂಗ್ಸ್‌ಗೆ ಆಟಗಾರರು ಕೂರುವ ಡಗೌಟ್ ಕಡೆ ಓಡಿದ. ಕೈಯಲ್ಲಿದ್ದ ಗ್ಲೌಸ್ ಕಿತ್ತು ಬೆಂಚಿನ ಮೇಲೆ ಹಾಕಿ, ಇನ್ನೊಂದನ್ನು ತೆಗೆದುಕೊಂಡ. ಫಸ್ಟ್ ಬೇಸ್‌ನಲ್ಲಿ ನಿಲ್ಲುವವರ ಗ್ಲೌಸ್ ಬೇರೆ ಥರ. ಉದ್ದ, ಬೆರಳುಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಆ ಗ್ಲೌಸಿನ ಚರ್ಮ ಹೊಸದು, ಹಳದಿ ಬಣ್ಣ ಇನ್ನೂ ಮಾಸಿರಲಿಲ್ಲ. ಬೇಸಿನ ಹತ್ತಿರ ಹೋಗುತ್ತಾ ಇನ್ನೊಂದು ಕೈಯ ಮುಷ್ಟಿಯಿಂದ ಅದಕ್ಕೆ ಗುದ್ದುತ್ತಿದ್ದ, ಗುದ್ದುತ್ತಲೇ ಇದ್ದ. ಗಟ್ಟಿ ಚರ್ಮ ಬಗ್ಗಬೇಕಲ್ಲ. ಮೊದಲ ಚೆಂಡೇ ಕೆಳಗೆ ಬಂತು, ನೆಲಕ್ಕೆ ತಾಗಿ ಎದ್ದಿತು. ಮೊಣಕಾಲೂರಿ ಅದನ್ನು ಹಿಡಿದ. ಆ ಗ್ಲೌಸನ್ನು ಅವನು ಆ ತಿಂಗಳೇ ಕೊಂಡಿರಬೇಕು. ಒಂದು ಕಡೆ ಜಾಗ ಸಿಗದಿದ್ದರೆ ಇನ್ನೊಂದು ಕಡೆಯಾದರೂ ಸಿಗಲಿ ಅಂತ ಹೊಸ ಕೆಲಸ ಕಲಿಯುತ್ತಿದ್ದ. ಪಂದ್ಯ ಯಾರು ಗೆದ್ದರೋ ನನಗೆ ನೆನಪಿಲ್ಲ. ಆ ಹಳದಿ ಗ್ಲೌಸ್ ಮಾತ್ರ ಕಣ್ಣಿನಲ್ಲಿ ಉಳಿದಿದೆ.

ಆ ವರ್ಷ ಪಟ್ಟಿ ಮಾಡುವ ಹೊಣೆ ಹೊಸಬರಾದ ಫರ್ಹಾನ್ ಜೈದಿ ಅವರದ್ದು. ಕೆನಡಾದಲ್ಲಿ ಪಾಕಿಸ್ತಾನಿ ಮೂಲದ ಮನೆಯಲ್ಲಿ ಹುಟ್ಟಿ, ಫಿಲಿಪ್ಪೀನ್ಸ್‌ನಲ್ಲಿ ಬೆಳೆದು, ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು. ತಂಡ ಮುದಿಯಾಗಿತ್ತು, ಔಟ್‌ಫೀಲ್ಡ್ ಖಾಲಿ ಹೊಡೆಯುತ್ತಿತ್ತು. ಲೆಫ್ಟ್ ಫೀಲ್ಡ್‌ನಲ್ಲಿ ವರ್ಷಗಟ್ಟಲೆ ಆಡಿದ ಬ್ಯಾರಿ ಬಾಂಡ್ಸ್ ಹೋದ ಮೇಲೆ, 2008ರಿಂದ, ಸೀಸನ್ನಿನ ಮೊದಲ ದಿನ ಆ ಜಾಗದಲ್ಲಿ ಪ್ರತಿ ವರ್ಷವೂ ಬೇರೆ ಬೇರೆ ಆಟಗಾರನೇ ನಿಂತಿದ್ದ. ಮೊದಲ ಪಂದ್ಯ ಮಾರ್ಚ್ 28ಕ್ಕೆ. ಅದಕ್ಕೆ ಮುಂಚಿನ ಒಂದು ವಾರದಲ್ಲಿ ಜೈದಿ ಬೇರೆ ತಂಡಗಳಿಂದ ಇಬ್ಬರನ್ನು ಕರೆತಂದರು, ಕಾನರ್ ಜೋ ಮತ್ತು ಮೈಕೆಲ್ ರೀಡ್. ಆರು ವಾರ ನಮ್ಮ ಕ್ಯಾಂಪಿನಲ್ಲಿ ಬೆವರು ಸುರಿಸಿದವರನ್ನು ಬಿಟ್ಟು, ನಿನ್ನೆ ಮೊನ್ನೆ ಬಂದವರಿಗೆ ಜಾಗ ಕೊಟ್ಟರು. ನನಗೆ ತುಂಬಾ ಬೇಜಾರಾಗಿತ್ತು.

ಅದೇ ವಾರ, ಮಾರ್ಚ್ 23ಕ್ಕೆ, ಇನ್ನೊಬ್ಬ ಬಂದ. ಮೈಕ್ ಯಾಸ್ಟ್ರೆಮ್‌ಸ್ಕಿ. ಮೈನರ್ ಲೀಗ್‌ನ, ಅಂದರೆ ಕೆಳಗಿನ ದರ್ಜೆಯ ತಂಡದ, ಒಬ್ಬ ಪಿಚರ್‌ನನ್ನು ಬಾಲ್ಟಿಮೋರ್ ತಂಡಕ್ಕೆ ಕೊಟ್ಟು ಅವನನ್ನು ತಂದರು. 28 ವರ್ಷ. 2013ರಿಂದ ಮೈನರ್ ಲೀಗ್‌ನಲ್ಲೇ ಆಡುತ್ತಿದ್ದ, ಒಂದು ದಿನವೂ ಮೇಲಿನ ತಂಡಕ್ಕೆ ಹೋದವನಲ್ಲ. ಅವನ ತಾತ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಬಾಸ್ಟನ್ ರೆಡ್ ಸಾಕ್ಸ್‌ಗೆ 23 ಸೀಸನ್ ಆಡಿದ ದೊಡ್ಡ ಮನುಷ್ಯ. ಮೊಮ್ಮಗನನ್ನು ನೇರವಾಗಿ ಸ್ಯಾಕ್ರಮೆಂಟೋದ ಕೆಳಗಿನ ತಂಡಕ್ಕೆ ಕಳಿಸಿದರು. ಆ ದಿನ ಆ ಸುದ್ದಿಯನ್ನು ನಾನು ಪೂರ್ತಿ ಓದಲೂ ಇಲ್ಲ.

ಇಲ್ಲಿ ಕೇಳು ಮಂಜ, ನನ್ನ ನಿದ್ದೆ ಕೆಡಿಸುವುದು ಇದೇ. ಕಾನರ್ ಜೋ ಪಟ್ಟಿಯಲ್ಲಿ ಉಳಿದದ್ದು, ಯಾಸ್ಟ್ರೆಮ್‌ಸ್ಕಿ ಕೆಳಗೆ ಹೋದದ್ದು, ಇಬ್ಬರಲ್ಲಿ ಯಾರು ಚೆನ್ನಾಗಿ ಆಡುತ್ತಾರೆ ಅಂತ ಅಳೆದಲ್ಲ. ಜೋ 'ರೂಲ್ ಫೈವ್' ಆಟಗಾರ. ಬೇರೆ ತಂಡದ ಮೈನರ್ ಲೀಗ್ ಹುಡುಗನನ್ನು 1,00,000 ಡಾಲರ್ ಕಟ್ಟಿ ಎತ್ತಿಕೊಳ್ಳುವ ಪದ್ಧತಿ ಅದು. ಎತ್ತಿಕೊಂಡವರು ಇಡೀ ಸೀಸನ್ ಅವನನ್ನು ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಕೆಳಗೆ ಕಳಿಸಬೇಕೆಂದರೆ ಮೊದಲು ಬೇರೆ ತಂಡಗಳ ಮುಂದೆ ಇಡಬೇಕು. ಯಾರೂ ತೆಗೆದುಕೊಳ್ಳದಿದ್ದರೆ ಅರ್ಧ ಹಣಕ್ಕೆ ಹಳೆಯ ತಂಡಕ್ಕೇ ವಾಪಸ್ ಕೊಡುತ್ತೇವೆ ಅನ್ನಬೇಕು. ಯಾಸ್ಟ್ರೆಮ್‌ಸ್ಕಿಗೆ ಅಂಥ ಯಾವ ಕಟ್ಟೂ ಇರಲಿಲ್ಲ. ಮುಖ್ಯ ತಂಡವನ್ನು ಆರಿಸುವ 40 ಜನರ ದೊಡ್ಡ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ. ಕೆಳಗೆ ಕಳಿಸಿದರೂ ಕೈತಪ್ಪಿ ಹೋಗುವುದಿಲ್ಲ, ಬೇಕಾದಾಗ ಕರೆಯಬಹುದು. ಆ 40ರೊಳಗೆ ಇದ್ದವರಿಗೂ ಇಂಥದ್ದೇ ಲೆಕ್ಕ. ಅವರನ್ನು ಮೂರು ಸೀಸನ್‌ಗಳಲ್ಲಿ ಮಾತ್ರ ಮೇಲೆ ಕೆಳಗೆ ಓಡಾಡಿಸಬಹುದು. ಆ ಮೂರೂ ಮುಗಿದ ಹುಡುಗನಿಗೆ ಕೊನೆಯ ಜಾಗ ಸಿಗುತ್ತದೆ. ಮುಗಿಯದವನು, ಎಷ್ಟೇ ಚೆನ್ನಾಗಿ ಹೊಡೆದಿದ್ದರೂ, ಬ್ಯಾಗ್ ಕಟ್ಟುತ್ತಾನೆ. ತಂಡದ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪಿಲ್ಲ, ಅದನ್ನು ಒಪ್ಪುತ್ತೇನೆ. ಆ ಹುಡುಗನ ಕಡೆಯಿಂದ ನೋಡಿದರೆ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ದುಡ್ಡಿನ ಅಂತರ ಅಷ್ಟಿತ್ತು. 2019ರಲ್ಲಿ ಮೇಲಿನ ತಂಡದಲ್ಲಿ ಕನಿಷ್ಠ ಸಂಬಳ ಸೀಸನ್‌ಗೆ 5,55,000 ಡಾಲರ್. ದಿನಕ್ಕೆ ಸುಮಾರು 3,000 ಬಿತ್ತು. ಒಂದು ಮೆಟ್ಟಿಲು ಕೆಳಗೆ, ಸ್ಯಾಕ್ರಮೆಂಟೋದಂಥ ತಂಡದಲ್ಲಿ, ಕನಿಷ್ಠ ಸಂಬಳ ವಾರಕ್ಕೆ 502 ಡಾಲರ್. ಅದೂ ಆಟ ನಡೆಯುವ ತಿಂಗಳುಗಳಲ್ಲಿ ಮಾತ್ರ. ಈಗ ಕೆಳಗಿನವರ ಸಂಬಳ ಏರಿದೆ. ಆದರೂ ಎರಡರ ನಡುವಿನ ಕಂದಕ ಹಾಗೇ ಇದೆ. ಆ ಕೊನೆಯ ಹೆಸರು ಬರೆಯುವ ಪೆನ್ನು ಒಬ್ಬನ ಮನೆ ಬಾಡಿಗೆಯನ್ನು, ಮದುವೆಯನ್ನು, ಮಗುವಿನ ಡಾಕ್ಟರ್ ಖರ್ಚನ್ನು ಸೇರಿಸಿಯೇ ಬರೆಯುತ್ತದೆ.

ಮೊದಲ ಪಂದ್ಯ ಸ್ಯಾನ್ ಡಿಯಾಗೋದಲ್ಲಿ. ಜೋ ಲೆಫ್ಟ್ ಫೀಲ್ಡ್, ರೀಡ್ ರೈಟ್ ಫೀಲ್ಡ್. ಜೋ ಬೆಳೆದದ್ದು ಆ ಊರಿನ ಪಕ್ಕದಲ್ಲೇ. ಅವನ ಮೊಟ್ಟಮೊದಲ ಮೇಜರ್ ಲೀಗ್ ಪಂದ್ಯ ಮನೆಯ ಹತ್ತಿರವೇ ನಡೆಯಿತು. ನಾವು 2-0ರಿಂದ ಸೋತೆವು. ಮುಂದಿನ ವಾರ, ಯುಗಾದಿಯ ಹಿಂದಿನ ದಿನ, ಏಪ್ರಿಲ್ 5ಕ್ಕೆ ನಮ್ಮೂರಿನಲ್ಲಿ ಮೊದಲ ಪಂದ್ಯ ಇತ್ತು. ಮಾವಿನ ಎಲೆ ತರಲು ಹೋಗಬೇಕಿದ್ದ ನಾನು ಸ್ಟೇಡಿಯಂಗೆ ಹೋಗಿದ್ದೆ. ಆ ತಿಂಗಳು ಅರ್ಧ ಆಗುವ ಹೊತ್ತಿಗೆ ಇಬ್ಬರೂ ಪಟ್ಟಿಯಲ್ಲಿರಲಿಲ್ಲ. ಜೋ 15 ಸಲ ಬ್ಯಾಟ್ ಹಿಡಿದು ಒಂದೇ ಹಿಟ್, ಅಂದರೆ ಹೊಡೆದು ಬೇಸ್ ತಲುಪಿದ್ದು ಒಂದೇ ಸಲ. ರೀಡ್ ಎಂಟು ಸಲ ಹಿಡಿದು ಒಂದೂ ಇಲ್ಲ. ರೀಡ್ ಆಮೇಲೆ ಮೇಜರ್ ಲೀಗ್‌ನಲ್ಲಿ ಆಡಲೇ ಇಲ್ಲ. ಅವನಿಗೆ ಸಿಕ್ಕ ಆ ಜಾಗ ಎಷ್ಟು ಜನರ ಕನಸೋ ಅಂತ ಮಾರ್ಚ್‌ನಲ್ಲಿ ಸಿಟ್ಟಾಗಿದ್ದ ನನಗೆ, ಏಪ್ರಿಲ್‌ನಲ್ಲಿ ಅವನ ಬಗ್ಗೆಯೇ ಸಂಕಟವಾಯಿತು. ಎಂಟು ಸಲದಲ್ಲಿ ಯಾರನ್ನು ಅಳೆಯಲು ಆಗುತ್ತದೆ, ಹೇಳು? ಜೋಗೆ ಮರುವರ್ಷ ಕ್ಯಾನ್ಸರ್ ಬಂತು. ಅದನ್ನೂ ದಾಟಿ 2021ರಲ್ಲಿ ಕೊಲೊರಾಡೋ ತಂಡದಲ್ಲಿ ಮತ್ತೆ ಮೇಲೆ ಬಂದ. ಆ ದಿನ ನನ್ನ ಮನೆಯವರೇ ಗೆದ್ದಷ್ಟು ಖುಷಿಯಾಯಿತು.

ಆ ವರ್ಷದ ಬೆಂಚಿನಲ್ಲಿ ಎರಿಕ್ ಕ್ರಾಟ್ಜ್ ಅಂತ 38 ವರ್ಷದ ಕ್ಯಾಚರ್ ಇದ್ದ. ಅವನೂ ಕೊನೆಯ ವಾರದಲ್ಲೇ ಬಂದವನು. ಮುಖ್ಯ ಕ್ಯಾಚರ್ ಬಸ್ಟರ್ ಪೋಸಿಗೆ ಸೊಂಟದ ಆಪರೇಷನ್ ಆಗಿತ್ತು, ಅದಕ್ಕೆ ಬೇಕಾಗಿದ್ದ. ಏಪ್ರಿಲ್ 12ಕ್ಕೆ ಕೊಲೊರಾಡೋ ವಿರುದ್ಧದ ಪಂದ್ಯ 18 ಇನಿಂಗ್ಸ್ ನಡೆಯಿತು. ಒಂಬತ್ತಕ್ಕೆ ಮುಗಿಯಬೇಕಾದದ್ದು, ಐದೂವರೆ ಗಂಟೆ ಎಳೆಯಿತು. ಗೆಲುವಿನ ರನ್ ಬಂದದ್ದು ಈ ಕ್ರಾಟ್ಜ್ ನೆಲಕ್ಕೆ ಹೊಡೆದ ಚೆಂಡಿನಿಂದ. ಅಂಥ ರಾತ್ರಿಗಾಗಿಯೇ ಬೆಂಚಿನಲ್ಲಿ ಎರಡನೇ ಕ್ಯಾಚರ್ ಇರುವುದು.

ಇನ್ನೊಬ್ಬ ಹೆರಾರ್ಡೋ ಪಾರಾ. ಮೈನರ್ ಲೀಗ್ ಒಪ್ಪಂದದ ಮೇಲೆ ಕ್ಯಾಂಪಿಗೆ ಬಂದು, ಚೆನ್ನಾಗಿ ಆಡಿ ಬೆಂಚಿನ ಜಾಗ ಗೆದ್ದುಕೊಂಡವನು. 30 ಪಂದ್ಯ ಆದ ಮೇಲೆ, ಮೇ ಮೊದಲ ವಾರದಲ್ಲಿ, ನಾವು ಅವನನ್ನು ಕೈಬಿಟ್ಟೆವು. ವಾಷಿಂಗ್ಟನ್ ನ್ಯಾಷನಲ್ಸ್ ಎತ್ತಿಕೊಂಡಿತು. ಮೇ 11ಕ್ಕೆ ಲಾಸ್ ಏಂಜಲೀಸ್‌ನಲ್ಲಿ ನಾಲ್ಕು ರನ್‌ಗಳ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ. ಜೂನ್‌ನಲ್ಲಿ ಬ್ಯಾಟ್ ಕೈಕೊಟ್ಟಾಗ, ತಾನು ಬ್ಯಾಟಿಂಗಿಗೆ ಬರುವಾಗ ಹಾಕುವ ಹಾಡನ್ನು ಬದಲಿಸಿ, ಪುಟ್ಟ ಮಗಳು ಮೆಚ್ಚುವ ಮಕ್ಕಳ ಹಾಡನ್ನು ಹಾಕಿಸಿಕೊಂಡ. ಆಮೇಲೆ ಇಡೀ ಸ್ಟೇಡಿಯಂ ಎದ್ದು ನಿಂತು ಅದಕ್ಕೆ ಕೈ ಆಡಿಸುತ್ತಿತ್ತು. ಅಕ್ಟೋಬರ್‌ನಲ್ಲಿ ಆ ತಂಡ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು. ನಮ್ಮ ತಂಡ 77 ಗೆದ್ದು 85 ಸೋತು ಮನೆಗೆ ಬಂತು.

ಯಾಸ್ಟ್ರೆಮ್‌ಸ್ಕಿ ಏನಾದ ಅಂತ ಕೇಳುತ್ತೀಯ. ಸ್ಯಾಕ್ರಮೆಂಟೋದಲ್ಲಿ 40 ಪಂದ್ಯಕ್ಕೆ 12 ಹೋಂ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದ. ಮೇ 25ಕ್ಕೆ ಮೇಲೆ ಕರೆದರು. ಆ ಸೀಸನ್ ಮುಗಿಯುವಾಗ ಅವನದು 21 ಹೋಂ ರನ್. ಸೆಪ್ಟೆಂಬರ್ 17ಕ್ಕೆ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಪಂದ್ಯ. ತಾತ 23 ಸೀಸನ್ ಆಡಿದ ಅದೇ ಮೈದಾನ. ನಾಲ್ಕನೇ ಇನಿಂಗ್ಸ್‌ನಲ್ಲಿ ಮೊಮ್ಮಗ ಸೆಂಟರ್ ಫೀಲ್ಡ್ ಮೇಲಿಂದ ಚೆಂಡು ದಾಟಿಸಿದ. ಎದುರಾಳಿ ಊರಿನ ಜನವೇ ಚಪ್ಪಾಳೆ ಹೊಡೆದರು. ಮರುದಿನ 80 ವರ್ಷದ ತಾತ ಮೊದಲ ಚೆಂಡು ಎಸೆದರು, ಹಿಡಿದವನು ಮೊಮ್ಮಗ. ನಾನು ಆಫೀಸಿನ ಕ್ಯಾಂಟೀನಿನಲ್ಲಿ ಫೋನಿನಲ್ಲಿ ಅದನ್ನು ನೋಡುತ್ತಾ ಕಣ್ಣೊರೆಸಿಕೊಂಡೆ. 2025ರ ಜುಲೈವರೆಗೆ ಅವನು ನಮ್ಮ ತಂಡದಲ್ಲೇ ಆಡಿದ.

ಅದಕ್ಕೇ ಈ ವಾರ ನಾನು ಪಟ್ಟಿಯನ್ನು ಎರಡು ಸಲ ಓದುತ್ತೇನೆ. ಒಂದು ಸಲ ಉಳಿದವರ ಹೆಸರಿಗೆ. ಇನ್ನೊಂದು ಸಲ ಸ್ಯಾಕ್ರಮೆಂಟೋಗೆ ಹೋದವರ ಹೆಸರಿಗೆ. ಇಲ್ಲಿಂದ ಕಾರಿನಲ್ಲಿ ಎರಡು ಗಂಟೆ ದಾರಿ. ಏಪ್ರಿಲ್‌ನಲ್ಲಿ ಒಂದು ಶನಿವಾರ ಬುತ್ತಿ ಕಟ್ಟಿಕೊಂಡು ಹೋಗಿ ಬರುವುದು ಈಗ ನಮ್ಮ ಮನೆಯ ಪದ್ಧತಿ. ಮಗಳು ಅಲ್ಲಿ ಎಲ್ಲರ ಗ್ಲೌಸನ್ನೂ ನೋಡುತ್ತಾಳೆ.

ಮಂಜ, ಒಂದು ಮಾತು. ಆಗಸ್ಟ್‌ನಲ್ಲಿ ನೀನು ಬಿಟ್ಟ ಆ ಹುಡುಗ ಆಮೇಲೆ ಮೈದಾನದ ಕಡೆ ಬರುತ್ತಿಲ್ಲ ಅಂದಿದ್ದೆ. ನೋಟಿಸ್ ಬೋರ್ಡ್‌ನಲ್ಲಿ ಹೆಸರಿಲ್ಲದ್ದನ್ನು ನೋಡಿ ಹಾಗೇ ಹೊರಟುಹೋದ ಅಂದೆ. ಅವನಿಗೆ ನೀನು ಬಾಯಿಬಿಟ್ಟು ಏನೂ ಹೇಳಿಲ್ಲ ಅಲ್ವಾ? ಇನ್ನೊಬ್ಬನಿಗೆ ಅದು ಹತ್ತನೇ ಕ್ಲಾಸ್, ಕೊನೆಯ ವರ್ಷ, ಇವನಿಗೆ ಇನ್ನೂ ಒಂದು ವರ್ಷ ಇದೆ ಅಂತ ನೀನು ಹಾಗೆ ಬರೆದದ್ದು ನನಗೆ ಗೊತ್ತು. ಅವನಿಗೆ ಗೊತ್ತಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಅವನ ಮನೆಗೆ ಹೋಗು. ಇದನ್ನು ಅವನಿಗೇ ಹೇಳು. ಜೂನ್‌ನಲ್ಲಿ ಪ್ರಾಕ್ಟೀಸ್ ಶುರುವಾಗುವ ತಾರೀಖನ್ನೂ ಹೇಳಿ ಬಾ.

ಏನಾಯಿತು ಅಂತ ನನಗೆ ಬರೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಸುರೇಶ