ಪಡಿತರ ಬಾರದ ತಿಂಗಳಿನಲ್ಲಿ

ಚಿ. ಸೌ. ತಮ್ಮನ ಮಗಳಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಎರಡು ತಿಂಗಳಿನಿಂದ ಪಡಿತರ ಬಂದಿಲ್ಲವೆಂದೂ, ರಾತ್ರಿ ನೀನು ಗಂಜಿ ಕುಡಿದು ಮಲಗುತ್ತಿರುವೆಯೆಂದೂ, ಈ ಸಂಗತಿ ಪಕ್ಕದ ಮನೆಯವರಿಗೂ ತಿಳಿಯದಂತೆ ನೋಡಿಕೊಂಡಿರುವೆಯೆಂದೂ ಬರೆದಿದ್ದೀಯೆ. ಐದು ತಿಂಗಳ ಕೂಸಿಗೆ ಹಾಲುಣಿಸುವ ತಾಯಿ ಅರೆಹೊಟ್ಟೆಯಲ್ಲಿ ಮಲಗುವುದನ್ನು ನೆನೆದರೆ ನನಗೆ ತುತ್ತು ಇಳಿಯುವುದಿಲ್ಲ. ಮನೆಯ ಮರ್ಯಾದೆ ಉಳಿಸುತ್ತಿದ್ದೇನೆಂದು ನೀನು ಭಾವಿಸಿರಬಹುದು. ಆದರೆ ಕಾನೂನು ನಿನಗೆ ಕೊಟ್ಟಿರುವುದನ್ನು ಕೇಳುವುದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ, ಮಗಳೇ. ನೀನು ಸುಮ್ಮನಿದ್ದಷ್ಟು ದಿನವೂ ನಿಮ್ಮ ಮನೆಗೆ ಅಕ್ಕಿ ತಲುಪಿಲ್ಲವೆಂಬುದು ಯಾವ ಕಾಗದದಲ್ಲಿಯೂ ದಾಖಲಾಗುವುದಿಲ್ಲ.

ಮೊದಲು ಅಕ್ಕಿ ಎಲ್ಲಿ ನಿಂತಿದೆಯೆಂಬುದನ್ನು ತಿಳಿದುಕೋ. ‘ರೇಷನ್ ಬಂದಿಲ್ಲ’ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಗೋದಾಮಿನಿಂದ ನ್ಯಾಯಬೆಲೆ ಅಂಗಡಿಗೆ ದಾಸ್ತಾನೇ ಬಾರದಿರಬಹುದು. ದಾಸ್ತಾನಿದ್ದರೂ ಯಂತ್ರ ನಿಮ್ಮ ಬೆರಳಚ್ಚನ್ನು ಒಪ್ಪದಿರಬಹುದು. ಇ-ಕೆವೈಸಿ, ಎಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಆಗಿಲ್ಲವೆಂದು ಪಡಿತರ ಚೀಟಿಯಲ್ಲಿನ ಹೆಸರು ತಡೆಹಿಡಿಯಲ್ಪಟ್ಟಿರಬಹುದು. ದಾಸ್ತಾನಿಲ್ಲದಿದ್ದರೆ ಇಡೀ ಬೀದಿಗೆ ಅಕ್ಕಿ ಬಂದಿರುವುದಿಲ್ಲ, ಆಗ ಹತ್ತು ಮನೆಯವರು ಕೂಡಿ ಒಂದೇ ಅರ್ಜಿಗೆ ಸಹಿ ಹಾಕುವುದು ಲೇಸು. ನಿಮ್ಮ ಮನೆಗೆ ಮಾತ್ರ ಬಂದಿಲ್ಲವಾದರೆ ತೊಡಕು ಚೀಟಿಯಲ್ಲಿದೆಯೆಂದು ತಿಳಿದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಬೇಕು. ನಿನ್ನ ಅತ್ತೆಯವರು ಚೀಟಿಯ ಯಜಮಾನಿಯಾದ್ದರಿಂದ ಅವರೇ ಹೆಬ್ಬೆಟ್ಟು ಒತ್ತಬೇಕೆಂದು ಬರೆದಿದ್ದೀಯಲ್ಲ, ಹಾಗೇನೂ ಇಲ್ಲ. ಆಧಾರ್ ಜೋಡಣೆಯಾಗಿರುವ ಮನೆಯ ಯಾವ ಸದಸ್ಯರಾದರೂ ಒತ್ತಿ ಪಡಿತರ ತರಬಹುದು. ವಯಸ್ಸಾದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಆಧಾರ್ ಇಲ್ಲವೆಂಬ ಅಥವಾ ಯಂತ್ರ ಒಪ್ಪಲಿಲ್ಲವೆಂಬ ಕಾರಣಕ್ಕೆ ಅರ್ಹರನ್ನು ಬರಿಗೈಯಲ್ಲಿ ಕಳುಹಿಸಕೂಡದೆಂದು ಕೇಂದ್ರ ಆಹಾರ ಇಲಾಖೆಯು 2017ರ ಅಕ್ಟೋಬರ್‌ನಲ್ಲಿಯೇ ಎಲ್ಲ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿದೆ. ಇದನ್ನು ಅಂಗಡಿಯಲ್ಲಿ ಮೆಲುದನಿಯಲ್ಲಿಯೇ ಹೇಳು, ಆದರೆ ಹೇಳದೆ ಬರಬೇಡ.

ಇನ್ನು ನಾನು ಅನುಭವಿಸಿ ಕಲಿತ ಒಂದು ಮಾತನ್ನು ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದೆ. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡು ಮೂರನೆಯ ಸಲ ಒತ್ತಿದಾಗ ಯಂತ್ರ ‘ಪೀಂ’ ಎಂದಿತು, ಸಣ್ಣ ಚೀಟಿಯೊಂದು ಹೊರಬಂತು. ಅಂಗಡಿಯಾತ ಆ ಚೀಟಿಯನ್ನು ಹರಿದು ಮೇಜಿನ ಕೆಳಗೆ ಹಾಕಿ, “ಲೋಡು ಇನ್ನೂ ಬಂದಿಲ್ಲಮ್ಮ, ಹೆಬ್ಬೆಟ್ಟು ಆಯಿತಲ್ಲ, ಸೋಮವಾರ ಬಂದು ಒಯ್ಯಿರಿ” ಎಂದ. ಸೋಮವಾರ ಹೋದಾಗ ಗುರುವಾರವೆಂದ. ತಿಂಗಳು ಮುಗಿದ ಮೇಲೆ ಕೇಳಿದರೆ ಆ ತಿಂಗಳ ಲೆಕ್ಕ ಮುಚ್ಚಿದೆಯೆಂದ. ದೂರು ಕೊಡಲು ಹೋದರೆ ನನ್ನ ಹೆಸರಿನ ಮುಂದೆ ಅಕ್ಕಿ ವಿತರಣೆಯಾಗಿದೆಯೆಂದು ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ನನ್ನ ಹೆಬ್ಬೆಟ್ಟೇ ನನಗೆ ವಿರುದ್ಧವಾಗಿ ಸಾಕ್ಷಿ ಹೇಳಿತು. ಆದ್ದರಿಂದ ಅಕ್ಕಿ ಕಣ್ಣೆದುರು ತೂಕವಾಗದೆ ಬೆರಳು ಒತ್ತಬೇಡ, ಒತ್ತಿದ ಮೇಲೆ ಮುದ್ರಿತ ರಸೀದಿಯನ್ನು ಕೇಳಿ ಪಡೆದುಕೋ. ಪಡಿತರ ಚೀಟಿಯನ್ನು ‘ಇಲ್ಲಿಯೇ ಇರಲಿ’ ಎಂದು ಇರಿಸಿಕೊಳ್ಳುವ ಅಧಿಕಾರವೂ ಅಂಗಡಿಯವರಿಗಿಲ್ಲ.

ನಿನಗೆ ಸಲ್ಲಬೇಕಾದುದು ಎಷ್ಟೆಂಬುದು ನಿನಗೇ ಬಾಯಿಪಾಠವಾಗಿರಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ, ಎಂದರೆ ನಿಮ್ಮಂಥ ಬಿಪಿಎಲ್ ಚೀಟಿಯವರ, ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ, ಕಡುಬಡವರ ಅಂತ್ಯೋದಯ ಕುಟುಂಬಕ್ಕಾದರೆ ಒಟ್ಟು 35 ಕೆಜಿ ಧಾನ್ಯ ಸಲ್ಲುತ್ತದೆ. 2023ರ ಜನವರಿಯಿಂದ ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ. ನಿಮ್ಮ ಚೀಟಿಯಲ್ಲಿ ನಾಲ್ವರಿರುವುದರಿಂದ 20 ಕೆಜಿ. ಕೂಸಿನ ಹೆಸರನ್ನು ಇನ್ನೂ ಸೇರಿಸಿಲ್ಲವೆಂದು ತೋರುತ್ತದೆ, ಜನನ ಪ್ರಮಾಣಪತ್ರ ಕೈಗೆ ಬಂದಿದ್ದರೆ ಆ ಕೆಲಸವನ್ನೂ ಮಾಡಿಸು. ಇದರ ಮೇಲೆ ಅನ್ನಭಾಗ್ಯದ ಹೆಸರಿನಲ್ಲಿ ರಾಜ್ಯ ಸರ್ಕಾರ ಕೊಡುವುದು ಬೇರೆ. ಅಕ್ಕಿ ಸಿಗದಿದ್ದ ಕಾಲದಲ್ಲಿ, 2023ರ ಜುಲೈನಿಂದ, ಆ ಹೆಚ್ಚುವರಿ ಪಾಲಿಗೆ ತಲೆಗೆ 170 ರೂಪಾಯಿಯಂತೆ ಖಾತೆಗೆ ಹಣ ಹಾಕುತ್ತಿದ್ದುದು ನಿನಗೆ ನೆನಪಿರಬಹುದು. ಯಾವ ಪಾಲು ತಡವಾಗಿದೆಯೆಂದು ಬಿಡಿಸಿ ಕೇಳು, ಏಕೆಂದರೆ ಹೆಚ್ಚುವರಿ ಪಾಲು ಸರ್ಕಾರದ ಆದೇಶದಂತೆ ಬದಲಾಗುತ್ತಿರುತ್ತದೆ, ಮೊದಲ 5 ಕೆಜಿ ಮಾತ್ರ ಸಂಸತ್ತಿನ ಕಾಯ್ದೆಯ ಮೇಲೆ ನಿಂತಿದೆ. ಅದನ್ನು ಒದಗಿಸಲಾಗದಿದ್ದರೆ ಸರ್ಕಾರವು ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಅದೇ ಕಾಯ್ದೆಯ 8ನೆಯ ಸೆಕ್ಷನ್ ಹೇಳುತ್ತದೆ. ಈ ಭತ್ಯೆಯ ಹೆಸರನ್ನೇ ಕೇಳದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ನನಗೂ ತಿಳಿದಿದ್ದು ತಡವಾಗಿ. ಅದನ್ನು ಪಡೆಯಲು, ಪಡಿತರ ಬಾರದ ತಿಂಗಳಿನಲ್ಲಿ ನೀನು ಅಂಗಡಿಗೆ ಹೋಗಿ ಕೇಳಿದ್ದೆಯೆಂಬುದಕ್ಕೆ ಆಧಾರ ಬೇಕಾಗುತ್ತದೆ, ಆದುದರಿಂದ ಹೋದ ದಿನ, ಹೊತ್ತು, ಅಲ್ಲಿ ಬಂದ ಉತ್ತರ, ಇವನ್ನು ದೊಡ್ಡವನ ಹಳೆಯ ನೋಟುಪುಸ್ತಕದ ಹಿಂಬದಿಯಲ್ಲಾದರೂ ಬರೆದಿಡು.

ದೂರನ್ನು ಮೊದಲು 1967 ಎಂಬ ಸಹಾಯವಾಣಿಗೆ ಹೇಳಿ, ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೋ. ಅದರಿಂದ ಕೆಲಸವಾಗದಿದ್ದರೆ ತಹಶೀಲ್ದಾರರಿಗೆ, ಅನಂತರ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ, ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಬರೆಯಬಹುದು. ಎಲ್ಲಿ ಕೊಟ್ಟರೂ ಎರಡು ಪ್ರತಿ ಒಯ್ದು, ನಿನ್ನ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೂ ಬಿಪಿಎಲ್ ಕುಟುಂಬದವರು ಶುಲ್ಕ ಕಟ್ಟಬೇಕಾಗಿಲ್ಲ. ನಿಮ್ಮ ಅಂಗಡಿಗೆ ಆ ಎರಡು ತಿಂಗಳಲ್ಲಿ ಎಷ್ಟು ಧಾನ್ಯ ಬಿಡುಗಡೆಯಾಯಿತೆಂದು ಕೇಳಿದರೆ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ.

ಇದೆಲ್ಲ ಆಗುವವರೆಗೆ ಒಲೆ ಉರಿಯಬೇಕಲ್ಲ. ಬಾಣಂತಿಗೆ ಹೆರಿಗೆಯಾದ ಆರು ತಿಂಗಳವರೆಗೆ ಅಂಗನವಾಡಿಯಲ್ಲಿ ಊಟ ಸಲ್ಲಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ, ನಮ್ಮ ರಾಜ್ಯದಲ್ಲಿ 2017ರಿಂದ ಮಾತೃಪೂರ್ಣವೆಂಬ ಹೆಸರಿನಲ್ಲಿ ಬಿಸಿಯೂಟವನ್ನೇ ಕೊಡುತ್ತಿದ್ದಾರೆ. ನಿನಗೆ ಉಳಿದಿರುವುದು ಒಂದೇ ತಿಂಗಳು, ಸಂಕೋಚಪಡುತ್ತ ಅದನ್ನೂ ಕಳೆಯಬೇಡ, ನಾಳೆಯೇ ಕೂಸನ್ನೆತ್ತಿಕೊಂಡು ಹೋಗಿ ಹೆಸರು ಬರೆಸು. ದೊಡ್ಡವನನ್ನು ಹೊಟ್ಟೆನೋವು, ನೆಗಡಿ ಎಂದು ಶಾಲೆ ಬಿಡಿಸಬೇಡ, ಅವನ ಮಧ್ಯಾಹ್ನದ ಊಟ ಅಲ್ಲಿದೆ. ಆ ಊಟ ಯಾರ ದಾನವೂ ಅಲ್ಲ. ಸರ್ಕಾರಿ ಗೋದಾಮುಗಳು ತುಂಬಿರುವಾಗ ಜನ ಹಸಿದಿರುವುದೇಕೆಂದು 2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿತು. ನಿನ್ನ ಗಂಡ ಕೆಲಸಕ್ಕೆ ಹೋಗುವ ಕಡೆ ಇಂದಿರಾ ಕ್ಯಾಂಟೀನ್ ಇದ್ದರೆ ಮಧ್ಯಾಹ್ನ ಅಲ್ಲಿಯೇ ಉಣ್ಣಲಿ. ತಿಂಡಿಗೆ 5, ಊಟಕ್ಕೆ 10 ರೂಪಾಯಿಯಂತೆ ಆರಂಭವಾದ ವ್ಯವಸ್ಥೆ ಅದು, ಮನೆಯ ಡಬ್ಬಿಯ ಅಕ್ಕಿ ಅಷ್ಟು ಉಳಿಯುತ್ತದೆ. ನಿಮ್ಮ ಅಂಗಡಿಯಲ್ಲಿ ದಾಸ್ತಾನಿಲ್ಲದೆ ಪಕ್ಕದ ಬಡಾವಣೆಯಲ್ಲಿ ಕೊಡುತ್ತಿದ್ದರೆ ಅಲ್ಲಿಯೂ ಕೇಳಿ ನೋಡು, ಈಗ ಚೀಟಿ ಒಂದೇ ಅಂಗಡಿಗೆ ಕಟ್ಟುಬಿದ್ದಿಲ್ಲ.

ಸಾಲದ ವಿಷಯದಲ್ಲಿ ಮಾತ್ರ ಎಚ್ಚರದಿಂದಿರು. ಪಕ್ಕದ ಮನೆಯಿಂದ ಎರಡು ಸೇರು ಅಕ್ಕಿ ಕಡ ತಂದರೆ ಎರಡೇ ಸೇರು ತೀರಿಸುತ್ತೀಯೆ, ಬಡ್ಡಿಯವನಿಂದ ಐನೂರು ರೂಪಾಯಿ ತಂದರೆ ಮುಂದಿನ ತಿಂಗಳ ಕೂಲಿಯೂ ಅವನದೇ ಆಗುತ್ತದೆ. ಪಡಿತರ ಚೀಟಿಯನ್ನು ಯಾರಲ್ಲಿಯೂ ಒತ್ತೆ ಇಡಬೇಡ. ನಿನ್ನ ಸ್ವಸಹಾಯ ಸಂಘದಲ್ಲಿ ಉಳಿತಾಯವಿದ್ದರೆ ಅದನ್ನು ಕೇಳಲು ಇದಕ್ಕಿಂತ ತಕ್ಕ ಸಮಯವಿಲ್ಲ.

ತಹಶೀಲ್ದಾರರಿಗೆ ಕೊಡುವ ಅರ್ಜಿಯನ್ನು ನಾನೇ ಬರೆದು ಈ ಪತ್ರದೊಡನೆ ಇಟ್ಟಿದ್ದೇನೆ. ಚೀಟಿಯ ಸಂಖ್ಯೆಯನ್ನೂ ನೀನು ಅಂಗಡಿಗೆ ಹೋದ ದಿನಗಳನ್ನೂ ತುಂಬಿ ಸಹಿ ಹಾಕಿದರೆ ಸಾಕು. ಶನಿವಾರ ಬೆಳಗಿನ ಬಸ್ಸಿನಲ್ಲಿ ನಮ್ಮ ಗದ್ದೆಯ 20 ಕೆಜಿ ಅಕ್ಕಿಯನ್ನೂ ಸ್ವಲ್ಪ ಹುರುಳಿಯನ್ನೂ ಕಳುಹಿಸುತ್ತಿದ್ದೇನೆ, ನಿಲ್ದಾಣಕ್ಕೆ ನಿನ್ನ ಗಂಡನನ್ನು ಕಳುಹಿಸು. ಅರ್ಜಿಗೆ ಮೊಹರು ಬಿದ್ದ ದಿನವೇ ನನಗೆ ಫೋನ್ ಮಾಡು.

ಇಂತು,
ನಿನ್ನ ಸೋದರತ್ತೆ