ಸ್ಪಾರ್ಕ್ ಜಾಬ್‌ಗಳು ಡೆಡ್‌ಲಾಕ್ ಆಗಿ ನಿಲ್ಲುತ್ತಿರುವ ಬಗ್ಗೆ ದೂರು

ಇವರಿಂದ:
ಡೇಟಾ ವಿಭಾಗ, ಮಲ್ಪೆ, ಉಡುಪಿ

ಇವರಿಗೆ:
ಗ್ರಾಹಕ ಸೇವಾ ಮುಖ್ಯಸ್ಥರು, ಕ್ಲೌಡ್ ಸೇವಾ ಸಂಸ್ಥೆ

ವಿಷಯ: ಯಾರ್ನ್ (ಯಂತ್ರಗಳ ಮೆಮೊರಿಯನ್ನು ಜಾಬ್‌ಗಳಿಗೆ ಹಂಚುವ ವ್ಯವಸ್ಥೆ) ಕ್ಯೂವಿನ ತಪ್ಪು ಸೆಟ್ಟಿಂಗ್ ಸರಿಪಡಿಸಿ, ವ್ಯರ್ಥವಾದ ಗಂಟೆಗಳ ಬಿಲ್ ಕೈಬಿಡುವ ಬಗ್ಗೆ

ಮಾನ್ಯರೇ,

ಬಂದರುಗಳ ಮೀನಿನ ಏಲಂ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿ ಮಾಡುವ ನಮ್ಮ ಸ್ಪಾರ್ಕ್ ಜಾಬ್‌ಗಳು ಆಗಸ್ಟ್ ಮೊದಲ ವಾರದಿಂದ ಬೆಳಗಿನ ಜಾವ 3 ಗಂಟೆಗೆ ಶುರುವಾಗಿ ಅಲ್ಲೇ ನಿಂತುಬಿಡುತ್ತಿವೆ. ಮೂರು ಸಲ ದೂರು ದಾಖಲಿಸಿದೆವು. ಮೂರಕ್ಕೂ ಒಂದೇ ಉತ್ತರ: ‘ಪ್ಯಾರಲಲಿಸಂ ಹೆಚ್ಚಿಸಿ’, ಅಂದರೆ ಒಟ್ಟೊಟ್ಟಿಗೆ ನಡೆಯುವಂತೆ ಕೆಲಸವನ್ನು ಇನ್ನಷ್ಟು ತುಂಡು ಮಾಡಿ. ಶಫಲ್ ಪಾರ್ಟಿಷನ್ 200 ಇದ್ದದ್ದನ್ನು 800 ಮಾಡಿದ್ದೂ ಆಯಿತು, ಏನೂ ಬದಲಾಗಲಿಲ್ಲ. ಬದಲಾಗುವುದೂ ಇಲ್ಲ. ಪಾರ್ಟಿಷನ್ ಎಂದರೆ ಕೆಲಸವನ್ನು ಎಷ್ಟು ತುಂಡು ಮಾಡಬೇಕೆಂಬ ಲೆಕ್ಕ. ತುಂಡು ಎತ್ತಿಕೊಂಡು ಲೆಕ್ಕ ಮಾಡುವ ಪ್ರಕ್ರಿಯೆ, ಅಂದರೆ ಎಕ್ಸಿಕ್ಯೂಟರ್, ಒಂದು ಕೂಡ ಇಲ್ಲದ ಮೇಲೆ 200 ಆದರೇನು, 800 ಆದರೇನು?

ತೊಂದರೆ ಇರುವುದು ಮೆಮೊರಿ ಹಂಚಿಕೆಯಲ್ಲಿ. ನೀವು ಕೊಟ್ಟಿರುವುದು 4 ಯಂತ್ರ, ಒಂದೊಂದರಲ್ಲಿ ಯಾರ್ನ್‌ಗೆ 50 ಜಿಬಿ. ಪ್ರತಿ ಜಾಬ್ ಅನ್ನು ನಡೆಸುವ ಡ್ರೈವರ್‌ಗೆ 4 ಜಿಬಿ. ಓವರ್‌ಹೆಡ್ (ಮೇಲ್ಖರ್ಚಿನ ಮೆಮೊರಿ) ಸೇರಿ, ಮುಂದಿನ ಪೂರ್ಣ ಜಿಬಿಗೆ ಏರಿಸಿದಾಗ, ಡ್ರೈವರ್ ಅನ್ನು ಹೊತ್ತು ಎಕ್ಸಿಕ್ಯೂಟರ್ ಕೇಳಿ ಪಡೆಯುವ ಒಂದು ಅಪ್ಲಿಕೇಶನ್ ಮಾಸ್ಟರ್ 5 ಜಿಬಿ ಹಿಡಿಯುತ್ತದೆ. 46 ಜಾಬ್ ಒಂದೇ ನಿಮಿಷದಲ್ಲಿ ಸಲ್ಲಿಕೆಯಾಗುತ್ತವೆ. ಮೊದಲನೆಯ ಮಾಸ್ಟರ್ ಎದ್ದು ಎಕ್ಸಿಕ್ಯೂಟರ್ ಕೇಳುವಷ್ಟರಲ್ಲಿ 40 ಮಾಸ್ಟರ್‌ಗಳು ಬಂದು ಕೂತು 200 ಜಿಬಿ ಪೂರ್ತಿ ಮುಗಿದಿರುತ್ತದೆ. ಎಲ್ಲರೂ ಎಕ್ಸಿಕ್ಯೂಟರ್‌ಗಾಗಿ ಕಾಯುತ್ತಾರೆ, ಯಾರೂ ಜಾಗ ಬಿಡುವುದಿಲ್ಲ. ಇದೇ ಡೆಡ್‌ಲಾಕ್. ಡ್ರೈವರ್ ಲಾಗ್‌ನಲ್ಲಿ 15 ಸೆಕೆಂಡಿಗೊಮ್ಮೆ ‘ಇನಿಷಿಯಲ್ ಜಾಬ್ ಹ್ಯಾಸ್ ನಾಟ್ ಆಕ್ಸೆಪ್ಟೆಡ್ ಎನಿ ರಿಸೋರ್ಸಸ್’ (ಕೆಲಸಕ್ಕೆ ಇನ್ನೂ ಏನೂ ಸಿಕ್ಕಿಲ್ಲ) ಎಂಬ ಸಾಲು ಬೀಳುತ್ತಲೇ ಇರುತ್ತದೆ. ನಿಮ್ಮ ಡ್ಯಾಶ್‌ಬೋರ್ಡ್ ಮಾತ್ರ ಹಸಿರು ಬಣ್ಣದಲ್ಲಿ ‘ರನ್ನಿಂಗ್’ ಎನ್ನುತ್ತದೆ. ಮೆಮೊರಿ ನೂರಕ್ಕೆ ನೂರು, ಸಿಪಿಯು ಸೊನ್ನೆಯ ಹತ್ತಿರ. ಆ ಎರಡು ಅಂಕಿಯನ್ನು ಒಟ್ಟಿಗೆ ನೋಡಿದ್ದರೆ ಸಾಕಿತ್ತು.

ಯಂತ್ರಕ್ಕೊಂದರಂತೆ ಜಾಬ್ ನಿಲ್ಲಿಸಿಬಿಡಿ ಎಂಬ ಸಲಹೆಯೂ ಬಂತು. ಎಕ್ಸಿಕ್ಯೂಟರ್‌ಗೆ ಒಂದೇ ಯಂತ್ರದಲ್ಲಿ 9 ಜಿಬಿ ಬೇಕು. ನಾಲ್ಕು ಯಂತ್ರದಲ್ಲಿ ಐದೈದು ಜಿಬಿ ಖಾಲಿಯಾದರೆ ಒಟ್ಟು 20 ಇದ್ದೂ ಒಂದಕ್ಕೂ ಜಾಗವಿಲ್ಲ.

ಇದಕ್ಕೆ ಕಾರಣ ನಿಮ್ಮವರೇ ಜೂನ್‌ನಲ್ಲಿ ಮಾಡಿದ ಬದಲಾವಣೆ. ಮಾಸ್ಟರ್‌ಗಳಿಗೆ ಇಂತಿಷ್ಟೇ ಪಾಲು ಎಂಬ ಮಿತಿ, ಅಂದರೆ ‘ಮ್ಯಾಕ್ಸಿಮಮ್ ಎಎಂ ರಿಸೋರ್ಸ್ ಪರ್ಸೆಂಟ್’, ಮೂಲದಲ್ಲಿ 0.1, ಎಂದರೆ ನೂರಕ್ಕೆ ಹತ್ತು. ಜಾಬ್‌ಗಳು ಕ್ಯೂನಲ್ಲಿ ಕಾಯುತ್ತಿವೆ ಎಂದು ಅದನ್ನು 1.0 ಮಾಡಿದರು. ಆಗ ಏನೂ ಆಗಲಿಲ್ಲ, ಸರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವುದಿಲ್ಲ. ನಾಡದೋಣಿಗಳ ಲೆಕ್ಕಕ್ಕೆ ಇದ್ದದ್ದು ಹತ್ತೇ ಜಾಬ್. ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆ ಮೂರೂ ತೆರೆದ ಮೇಲೆ ಅದೇ ಸೆಟ್ಟಿಂಗ್ ಕುತ್ತಿಗೆಗೆ ಬಂತು. ಮಳೆಗಾಲದ ರಜೆಯಲ್ಲಿ ಪರೀಕ್ಷೆ ಮಾಡಿ ‘ಸರಿಯಿದೆ’ ಎನ್ನುವುದು ಒಪ್ಪುವ ಮಾತಲ್ಲ. ಬಂಗುಡೆ, ಬೂತಾಯಿ ದರದ ಪಟ್ಟಿ ಏಲಂಗೆ ಮೊದಲು ಬಾರದಿದ್ದರೆ ಆಮೇಲೆ ಅದು ಯಾರಿಗೂ ಬೇಡ.

ಮಿತಿಯನ್ನು 0.2ಕ್ಕೆ ಇಳಿಸಿ. ನಾವು ಡ್ರೈವರ್ ಮೆಮೊರಿಯನ್ನು 2 ಜಿಬಿ ಮಾಡುತ್ತೇವೆ. ಮಾಸ್ಟರ್ 3 ಜಿಬಿಗೆ ಇಳಿದು, 13 ಜಾಬ್ ಒಟ್ಟಿಗೆ ನಡೆದರೂ, ಮಾಸ್ಟರ್‌ಗಳು ಸಮನಾಗಿ ಹಂಚಿಹೋದರೆ ಪ್ರತಿ ಯಂತ್ರದಲ್ಲಿ 4 ಎಕ್ಸಿಕ್ಯೂಟರ್‌ಗೆ ಜಾಗ ಉಳಿಯುತ್ತದೆ. ಉಳಿದವು ಕ್ಯೂನಲ್ಲಿ ಕಾಯಲಿ, ಅದರಿಂದ ತೊಂದರೆಯಿಲ್ಲ. ನಮ್ಮ ಬದಲಾವಣೆಯೊಂದೇ ಸಾಲದು: ಮಿತಿ 1.0 ಆಗಿಯೇ ಇದ್ದರೆ 56 ಜಾಬ್ ಸೇರಿದ ದಿನ ಯಂತ್ರಕ್ಕೆ 14 ಮಾಸ್ಟರ್ ಕೂತು 8 ಜಿಬಿಯಷ್ಟೇ ಉಳಿಯುತ್ತದೆ, ಪುನಃ ಇದೇ ಅವಸ್ಥೆ. ಹಳೆಯ ಲೆಕ್ಕ ಮರುಓಡಿಸುವ ಜಾಬ್‌ಗಳಿಗೆ ಬೇರೆ ಕ್ಯೂ ಕೊಡಿ. 10 ನಿಮಿಷ ಒಂದೂ ಎಕ್ಸಿಕ್ಯೂಟರ್ ಸಿಗದ ಜಾಬ್ ಇದ್ದರೆ ನಮಗೆ ಸಂದೇಶ ಬರಲಿ.

ಯಂತ್ರಗಳು ಸುಮ್ಮನೆ ನಿಂತ ಗಂಟೆಗಳಿಗೂ ಬಿಲ್ ಬಂದಿದೆ. ಆ ಅವಧಿಯ ಯಾರ್ನ್ ರಿಸೋರ್ಸ್ ಮ್ಯಾನೇಜರ್ ಲಾಗ್ ಲಗತ್ತಿಸಿದ್ದೇವೆ. ಆ ಮೊತ್ತ ಕಳೆದು ಹೊಸ ಬಿಲ್ ಕಳುಹಿಸಿ, ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇವೆ.

ಇಂತಿ,
ಡೇಟಾ ವಿಭಾಗದ ಪರವಾಗಿ
ಮಲ್ಪೆ