ಪಿಚರ್ ಚೆಂಡು ಕೆಳಗಿಡುವ ದಿನ

2025ರ ಸೆಪ್ಟೆಂಬರ್ 18ರಂದು ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಎಡಗೈ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ಕ್ಲೇಟನ್ ಕರ್ಶಾ ನಿವೃತ್ತಿ ಘೋಷಿಸಿದಾಗ, ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಬೇಸ್‌ಬಾಲ್ ಹುಚ್ಚಿನ ಮಕ್ಕಳು ಕೇಳಿದ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿತ್ತು: ಇಷ್ಟು ಚೆನ್ನಾಗಿ ಆಡುತ್ತಿರುವವರು ಈಗಲೇ ಏಕೆ ಬಿಡಬೇಕು? ಬೇಸ್‌ಬಾಲಿನಲ್ಲಿ ಗೆಲುವು ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ; ಆ ಸೀಸನ್ನಿನಲ್ಲಿ ಅವರು 11 ಪಂದ್ಯ ಗೆದ್ದು ಕೇವಲ 2ರಲ್ಲಿ ಸೋತಿದ್ದರು, ಜುಲೈ 2ರಂದು 3,000ನೇ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವುದು) ಮುಟ್ಟಿದ್ದರು, ವಯಸ್ಸು 37. ಕ್ರಿಕೆಟ್ ನೋಡಿಕೊಂಡು ಬೆಳೆದ ನಮ್ಮಂಥವರು “ವಯಸ್ಸಾಯಿತಲ್ಲ ಮರಿ” ಎಂದು ಹೇಳಿ ಮಾತು ಮುಗಿಸಿದೆವು. ಆ ಉತ್ತರ ಸಾಲದೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಬಾರಿಯ ಸಂಪಾದಕೀಯ.

ವಯಸ್ಸೊಂದೇ ಕಾರಣವಾಗಿದ್ದರೆ ಜೇಮಿ ಮೋಯರ್ 2012ರಲ್ಲಿ, ತಮ್ಮ 49ನೆಯ ವಯಸ್ಸಿನಲ್ಲಿ, ಕೊಲೊರಾಡೊ ರಾಕೀಸ್ ಪರ ಪಂದ್ಯ ಗೆಲ್ಲುತ್ತಿರಲಿಲ್ಲ. ಸ್ಯಾಂಡಿ ಕೋಫ್ಯಾಕ್ಸ್ 30ಕ್ಕೇ ಆಟ ನಿಲ್ಲಿಸುತ್ತಲೂ ಇರಲಿಲ್ಲ. ಕೋಫ್ಯಾಕ್ಸ್ ಅವರೂ ಡಾಜರ್ಸ್ ತಂಡದ ಎಡಗೈ ಪಿಚರ್. 1966ರಲ್ಲಿ ಅವರು 323 ಇನ್ನಿಂಗ್ಸ್ (ಪಿಚರ್ ಲೆಕ್ಕದಲ್ಲಿ ಒಂದು ಇನ್ನಿಂಗ್ಸ್ ಎಂದರೆ ಎದುರಾಳಿಯ ಮೂರು ಔಟ್) ಎಸೆದು 27 ಪಂದ್ಯ ಗೆದ್ದರು, ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೂರನೆಯ ಬಾರಿ ಪಡೆದರು, ಅದೇ ನವೆಂಬರ್‌ನಲ್ಲಿ ನಿವೃತ್ತರಾದರು. ಅವರ ಎಡ ಮೊಣಕೈಯಲ್ಲಿ ಸಂಧಿವಾತವಿತ್ತು. ಊತ ತಗ್ಗಿಸುವ ಕಾರ್ಟಿಸೋನ್ ಚುಚ್ಚುಮದ್ದು ತೆಗೆದುಕೊಂಡು ಎಸೆಯುವುದು, ಆಟ ಮುಗಿದೊಡನೆ ಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿಡುವುದು ಅವರ ದಿನಚರಿಯಾಗಿತ್ತು. ಬೇಸ್‌ಬಾಲಿನ ನಂತರವೂ ಬದುಕಬೇಕಾದ ವರ್ಷಗಳು ಬಹಳ ಇವೆ, ಆಗ ಮೈಕೈ ಎಲ್ಲವೂ ಕೆಲಸಕ್ಕೆ ಬರುವಂತಿರಬೇಕು ಎಂಬ ಅರ್ಥದ ಮಾತನ್ನು ಅಂದು ಅವರು ಹೇಳಿದರು.

ತೋಳು ಹೀಗೆ ಕೈಕೊಡುವುದಕ್ಕೆ ಕಾರಣ ಎಸೆಯುವ ಬಗೆಯಲ್ಲೇ ಇದೆ. ಕ್ರಿಕೆಟ್ಟಿನ ವೇಗದ ಬೌಲರ್ ದೂರದಿಂದ ಓಡಿ ಬರುತ್ತಾನೆ, ಮೊಣಕೈಯನ್ನು ಹೆಚ್ಚುಕಡಿಮೆ ನೇರವಾಗಿಟ್ಟೇ ಚೆಂಡು ಬಿಡುತ್ತಾನೆ. ಆದ್ದರಿಂದ ಅವನ ಶ್ರಮದ ಬಹುಪಾಲು ಬೆನ್ನು, ಮಂಡಿ, ಪಾದಗಳ ಮೇಲೆ ಬೀಳುತ್ತದೆ. ಭುಜವೂ ಸುರಕ್ಷಿತವೇನಲ್ಲ: ನಮ್ಮ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮತ್ತೆ ಬಂದು, 2003ರ ವಿಶ್ವಕಪ್‌ವರೆಗೆ ಆಡಿದ್ದನ್ನು ನಮ್ಮಲ್ಲಿ ಹಲವರು ಮರೆತಿಲ್ಲ. ಬೇಸ್‌ಬಾಲ್ ಪಿಚರ್‌ಗಾದರೋ ಓಟದ ನೆರವಿಲ್ಲ. ದಿಬ್ಬದ ಮೇಲೆ ನಿಂತಲ್ಲಿಂದಲೇ, 60 ಅಡಿ 6 ಅಂಗುಲ ದೂರಕ್ಕೆ, ಮಡಿಸಿದ ಮೊಣಕೈಯನ್ನು ಹಿಂದಕ್ಕೆ ತಿರುಚಿ ಚಾಟಿಯಂತೆ ಬೀಸಬೇಕು. ಆ ಕ್ಷಣದ ಎಳೆತವನ್ನು ಮೊಣಕೈಯ ಒಳಬದಿಯ ಒಂದು ಸಣ್ಣ ಅಸ್ಥಿರಜ್ಜು ತಡೆದುಕೊಳ್ಳಬೇಕಾಗುತ್ತದೆ. ವ್ಯಾಯಾಮದಿಂದ ಸ್ನಾಯುಗಳು ಬಲಿಯುವ ಹಾಗೆ ಈ ರಜ್ಜು ಬಲಿಯುವುದಿಲ್ಲ. ವೇಗದ ಬೆನ್ನು ಹತ್ತಿದ್ದೂ, ಪ್ರತಿ ಎಸೆತಕ್ಕೂ ಪೂರ್ತಿ ಶಕ್ತಿ ಹಾಕುವ ರೂಢಿಯೂ ಗಾಯಗಳನ್ನು ಹೆಚ್ಚಿಸಿವೆ ಎಂದು ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಆಡಳಿತವೇ 2024ರ ಡಿಸೆಂಬರ್‌ನ ವರದಿಯಲ್ಲಿ ಹೇಳಿದೆ.

ಹರಿದ ಈ ರಜ್ಜುವಿಗೆ ಮದ್ದು ಸಿಕ್ಕಿದ್ದು 1974ರಲ್ಲಿ. ಡಾಕ್ಟರ್ ಫ್ರ್ಯಾಂಕ್ ಜೋಬ್ ಅವರು ಪಿಚರ್ ಟಾಮಿ ಜಾನ್ ಅವರ ಬಲಗೈಯಿಂದ ಒಂದು ಸ್ನಾಯುಬಂಧವನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. ಜಾನ್ 1976ರಲ್ಲಿ ಮರಳಿ ಬಂದು, 46ನೆಯ ವಯಸ್ಸಿನವರೆಗೆ ಆಡಿ, ತಮ್ಮ 288 ಗೆಲುವುಗಳಲ್ಲಿ 164ನ್ನು ಆ ಶಸ್ತ್ರಚಿಕಿತ್ಸೆಯ ನಂತರವೇ ಗಳಿಸಿದರು. ಅಂದಿನಿಂದ ಮೊಣಕೈ ಹೋದರೆ ಒಂದೂವರೆ ವರ್ಷ ಹೋಯಿತು ಎಂಬ ಲೆಕ್ಕ. ಭುಜ ಹೋದರೆ ಮಾತ್ರ ಇಂದಿಗೂ ಯಾರೂ ಅಷ್ಟು ಧೈರ್ಯವಾಗಿ ಮಾತು ಕೊಡುವುದಿಲ್ಲ. ಪಿಚರ್ ಭುಜ ಹಿಡಿದುಕೊಂಡು ದಿಬ್ಬದಿಂದ ಇಳಿದರೆ ನನಗೆ ಹೆಚ್ಚು ದಿಗಿಲಾಗುವುದು ಅದಕ್ಕೇ.

ಇಷ್ಟಾದರೂ ಪತ್ರಿಕೆಯಲ್ಲಿ ಬರುವ ನಿವೃತ್ತಿಯ ದಿನಾಂಕವನ್ನು ತೋಳು ಬರೆಯುವುದಿಲ್ಲ. ಅದನ್ನು ಬರೆಯುವುದು ಗುತ್ತಿಗೆ ಪತ್ರ. ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರ ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಅಂತಿಮ ಸರಣಿ) ಶ್ರೇಷ್ಠ ಆಟಗಾರರೆನಿಸಿ, ಆ ಡಿಸೆಂಬರ್‌ನಲ್ಲೇ 7 ವರ್ಷಕ್ಕೆ 24.5 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದರು. ಅನಂತರ ಅವರು ಆಡಿದ್ದು ಕೇವಲ 8 ಪಂದ್ಯ. ಕುತ್ತಿಗೆ ಮತ್ತು ಭುಜದ ನಡುವೆ ನರಗಳು ಒತ್ತಿಹೋಗುವ ಕಾಯಿಲೆ ಅವರನ್ನು ಮುಗಿಸಿತ್ತು. 2022ರ ಜೂನ್‌ನಲ್ಲಿ ಕೊನೆಯ ಚೆಂಡು ಎಸೆದವರು 2023ರ ಸೆಪ್ಟೆಂಬರ್‌ನಲ್ಲಿ ವಿದಾಯ ಹೇಳಬೇಕಿತ್ತು. ಹಣದ ಮಾತುಕತೆ ಬಗೆಹರಿಯದೆ ಆ ಸಭೆಯೂ ರದ್ದಾಗಿ, ಕಾಗದದ ಮೇಲಿನ ನಿವೃತ್ತಿ 2024ರ ಏಪ್ರಿಲ್‌ಗೆ ಹೋಯಿತು. ತಾನಾಗಿ ಬಿಟ್ಟವನಿಗೆ ಉಳಿದ ಸಂಬಳ ಇಲ್ಲ, ಗಾಯಾಳುವಿಗೆ ಇದೆ. ದುರಾಸೆ ಎಂದು ಮೂಗು ಮುರಿಯುವ ಮೊದಲು, ನಾವು ಯಾರಾದರೂ ನಮ್ಮ ಆಫೀಸಿನಲ್ಲಿ ಬೇರೆಯಾಗಿ ನಡೆದುಕೊಳ್ಳುತ್ತಿದ್ದೆವೇ ಎಂದು ಕೇಳಿಕೊಳ್ಳಬಹುದು.

ಇಂಥ ಒಪ್ಪಂದವೂ ಇಲ್ಲದವರೇ ಹೆಚ್ಚು. ಮೇಜರ್ ಲೀಗ್‌ನಲ್ಲಿ 6 ವರ್ಷ ತುಂಬಿದ ಮೇಲಷ್ಟೇ ಆಟಗಾರನಿಗೆ ತನ್ನಿಷ್ಟದ ತಂಡದೊಂದಿಗೆ ಚೌಕಾಸಿ ಮಾಡುವ ಸ್ವಾತಂತ್ರ್ಯ ಸಿಗುತ್ತದೆ. 25ರ ಆಸುಪಾಸಿನಲ್ಲಿ ಬಂದವನಿಗೆ ಅಷ್ಟರಲ್ಲಿ 30 ದಾಟಿರುತ್ತದೆ, ಚೆಂಡಿನ ವೇಗ ಒಂದೆರಡು ಮೈಲಿ ಇಳಿದಿರುತ್ತದೆ. ಅವನಿಗಿಂತ ವೇಗವಾಗಿ ಎಸೆಯುವ ಹುಡುಗ ಕನಿಷ್ಠ ಸಂಬಳಕ್ಕೆ, ಅಂದರೆ 2025ರ ಲೆಕ್ಕದಲ್ಲಿ 7,60,000 ಡಾಲರ್‌ಗೆ, ಸಿಗುತ್ತಾನೆ. ಚಳಿಗಾಲವಿಡೀ ಫೋನ್ ಬರುವುದಿಲ್ಲ, ಫೆಬ್ರವರಿಯಲ್ಲಿ ಹೊಸ ಸೀಸನ್ನಿನ ತಯಾರಿಯಾದ ಸ್ಪ್ರಿಂಗ್ ಟ್ರೇನಿಂಗ್ ಶುರುವಾಗುತ್ತದೆ, ಅವನು ಮನೆಯಲ್ಲಿಯೇ ಇರುತ್ತಾನೆ. ಅದಕ್ಕೆ ಯಾರೂ ಹೂಗುಚ್ಛ ಕೊಡುವುದಿಲ್ಲ. ಮೈಕ್ ಮುಸೀನಾ 2008ರಲ್ಲಿ ಮೊದಲ ಬಾರಿ 20 ಪಂದ್ಯ ಗೆದ್ದು, 39ನೆಯ ವಯಸ್ಸಿನಲ್ಲಿ, ಇನ್ನು ಸಾಕು ಎಂದು ಎದ್ದು ಹೋದಂಥ ಭಾಗ್ಯ ಬೆರಳೆಣಿಕೆಯವರದು.

ಕರ್ಶಾ ಅವರೂ ಆ ಕೆಲವರಲ್ಲೊಬ್ಬರು. ಆದರೆ 2023ರ ನವೆಂಬರ್‌ನಲ್ಲಿ ಭುಜಕ್ಕೆ, ಮರುವರ್ಷ ಮಂಡಿ ಮತ್ತು ಕಾಲ್ಬೆರಳಿಗೆ ಶಸ್ತ್ರಚಿಕಿತ್ಸೆಯಾದ ಬಳಿಕ, ಸರಾಸರಿಯಲ್ಲಿ ಗಂಟೆಗೆ 90 ಮೈಲಿಯನ್ನೂ ಮುಟ್ಟದ ಫಾಸ್ಟ್‌ಬಾಲ್ ಹಿಡಿದುಕೊಂಡು ಅವರು ಆ 11 ಪಂದ್ಯಗಳನ್ನು ಗೆದ್ದದ್ದು. ಅಕ್ಟೋಬರ್ 27ರಂದು, ಸಾಮಾನ್ಯವಾಗಿ 9ಕ್ಕೆ ಮುಗಿಯುವ ಬದಲು 18 ಇನ್ನಿಂಗ್ಸ್‌ವರೆಗೆ ಎಳೆದ ವರ್ಲ್ಡ್ ಸೀರೀಸ್ ಪಂದ್ಯದ 12ನೆಯ ಇನ್ನಿಂಗ್ಸ್‌ನಲ್ಲಿ, ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿದ್ದಾಗ ಅವರನ್ನು ಕರೆದರು. ಒಬ್ಬನೇ ಬ್ಯಾಟರ್, ಒಂದು ಔಟ್. ಡಾಜರ್ಸ್ ಪರ ಅವರ ಎಸೆತ ಅಲ್ಲಿಗೆ ಮುಗಿಯಿತು. ನವೆಂಬರ್ 1ರಂದು ಟೊರೊಂಟೊದಲ್ಲಿ ತಂಡ ಕಪ್ ಗೆದ್ದ ಗಳಿಗೆಯಲ್ಲಿ, ಮತ್ತೆ ಕರೆ ಬಂದೀತೆಂದು, ಅವರು ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಸಿದ್ಧರಾಗುವ ಜಾಗ) ತೋಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.